ಕಣ್ಣು ಮುಚ್ಚಿಕೊಂಡು ಆಡಿದ ಮಾತು

ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯುತ್ತದೆ. ಹುಳ ಬೀಳದಿರಲೆಂದು ಅವ್ವ ಹಾಕುತ್ತಿದ್ದಳು, ನಾನೂ ಹಾಕುತ್ತೇನೆ. ಆ ವಾಸನೆಯ ಬೆನ್ನಿಗೇ ಆದವಾನಿಯ ನಮ್ಮ ಮನೆ ಎದ್ದು ಬರುತ್ತದೆ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿ, ಬಾಗಿಲ ಸಂದಿನಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆ, ಅಂಗಳದ ನುಲಿಮಂಚದ ಮೇಲೆ ಕೂತು ಕೆಮ್ಮುವ ತಾತ, ಒಲೆಯ ಮುಂದೆ ಅವ್ವ, ಅವಳ ಪಕ್ಕದಲ್ಲಿ ದೀನತ್ತೆ. ನಾನು ಕೂಸಿದ್ದಾಗಲೇ ತೀರಿಹೋದ ಅಪ್ಪನ ತಂಗಿ ಆಕೆ. ಗಂಡ ತೀರಿಕೊಂಡ ಮೇಲೆ ಕೌತಾಳಂನಲ್ಲಿ ಮೈದುನ, "ಇನ್ನ ಇಲ್ಲೇನೈತಿ ನಿಂದು?" ಎಂದು ಕೇಳಿದ್ದಕ್ಕೆ ಒಂದು ಚೀಲ ಹಿಡಿದು ನಮ್ಮಲ್ಲಿಗೆ ಬಂದವಳು. ಮಕ್ಕಳಿರಲಿಲ್ಲ. ಅತ್ತಿಗೆಯಾದ ಅವ್ವನನ್ನು ಅಲ್ಲಿಯ ತೆಲುಗಿನಂತೆ ವದಿನಾ ಎಂದೇ ಕರೆಯುತ್ತಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚುವುದು, ಬಾಚುವುದು, ಹೇನು ತೆಗೆಯುವುದು ಎಲ್ಲ ಆಕೆಯದೇ ಕೆಲಸ. ನಾನು ಮಲಗುತ್ತಿದ್ದದ್ದೂ ಆಕೆಯ ಸೆರಗಿನೊಳಗೇ.

ಅಡುಗೆಮನೆಯ ಗೂಡಿನಲ್ಲಿ ಎರಡು ಡಬ್ಬಿಗಳಿದ್ದವು. ದೊಡ್ಡದು ಮನೆಯದು, ಚಿಕ್ಕದು ದೇವರದು. ನಮ್ಮ ಸಭೆಯ ಹೆಂಗಸರೆಲ್ಲ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಇಡುತ್ತಿದ್ದರು. ಭಾನುವಾರ ಅದು ಚರ್ಚಿಗೆ ಹೋಗಿ, ಅಲ್ಲಿಂದ ಇಲ್ಲದವರ ಮನೆ ಸೇರುತ್ತಿತ್ತು. ನಾವೇ ಗಂಜಿ ಕುಡಿದ ದಿನವೂ ಅವ್ವ ಆ ಹಿಡಿ ತಪ್ಪಿಸಿದವಳಲ್ಲ. ನನಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ದೀನತ್ತೆ ದೇವರ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ಅಕ್ಕಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಲಿಲ್ಲ. ಏನದು ಅತ್ತೆ ಎಂದು ಅಲ್ಲೇ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಹೋಗಿ ಅವ್ವನಿಗೆ ಹೇಳಿದೆ.  ಎರಡು ದಿನ ಅವ್ವ ತುಟಿ ಬಿಗಿಹಿಡಿದು ಓಡಾಡಿದಳು. ಪಾತ್ರೆಗಳನ್ನು ಮಾತ್ರ ಸದ್ದು ಮಾಡಿಯೇ ಇಡುತ್ತಿದ್ದಳು. 

ಆ ಶುಕ್ರವಾರ ಹೆಂಗಸರ ಪ್ರಾರ್ಥನೆ ನಮ್ಮ ಮನೆಯಲ್ಲಿ. ಹತ್ತು ಹನ್ನೆರಡು ಮಂದಿ ಚಾಪೆಯ ಮೇಲೆ ಕೂತಿದ್ದರು, ದೀನತ್ತೆ ಗೋಡೆಗೆ ಆತುಕೊಂಡಿದ್ದಳು. ಅವ್ವನ ಸರದಿ ಬಂತು. ಮಳೆ ಬೆಳೆಗೆ, ರೋಗಿಗಳಿಗೆ ಬೇಡಿಕೊಂಡ ಮೇಲೆ ಅವಳ ದನಿ ಏರಿತು. "ಕರ್ತನೇ, ಈ ಮನಿಯಾಗ ನಿನ್ನ ಡಬ್ಬಿಗಿ ಹೋಗೋ ಕೈ ಒಂದೈತಿ. ಆ ಕೈ ತಿದ್ದು ತಂದೇ! ನಿನ್ನ ಪಾಲಿಗೇ ಕನ್ನ ಹಾಕೋರ ಮನಸ್ಸು ಮುರಿ!" ಸ್ತೋತ್ರ, ಸ್ತೋತ್ರ ಎನ್ನುತ್ತಿದ್ದ ದನಿಗಳು ಥಟ್ಟನೆ ನಿಂತವು. ನಾನು ಒಂದು ಕಣ್ಣು ತೆರೆದೆ. ಅರ್ಧ ಮಂದಿಯ ಕಣ್ಣುಗಳು ಆಗಲೇ ತೆರೆದಿದ್ದವು, ಎಲ್ಲವೂ ದೀನತ್ತೆಯ ಮೇಲೆ. ಆ ಮನೆಯಲ್ಲಿ ಇದ್ದ ಕೈಗಳೇ ಎಷ್ಟು! ಆಮೆನ್ ಹೇಳುವ ಮೊದಲೇ ಆಕೆ ಎದ್ದು, ಚೀಲ ತೆಗೆದುಕೊಂಡು ಹೊಸ್ತಿಲು ದಾಟಿದಳು. ಅಂಗಳದಿಂದ ತಾತ, "ಎಲ್ಲಿಗವ್ವಾ ಚೀಲ ಹಿಡಕೊಂಡು?" ಎಂದ. "ನನ್ನ ಮನಿಗಪ್ಪಾ" ಎಂದಳು. ಆಕೆಗೆ ಮನೆ ಎಲ್ಲಿತ್ತು? ಹೋಗುವಾಗ ಒಬ್ಬಾಕೆ ಅವ್ವನ ಭುಜ ತಟ್ಟಿ, "ಇವತ್ತು ನಿನ್ನ ಪ್ರಾರ್ಥನಿ ಭಾಳ ಬಲ ಇತ್ತು ಬಿಡವ್ವಾ" ಎಂದು ನಕ್ಕು ಹೋದಳು.

ಎಲ್ಲರೂ ಹೋಗುವವರೆಗೆ ತಾತ ಕಾದ. ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಬಂದು, ನನ್ನನ್ನು ಹೊರಗೆ ಕಳಿಸಿ, ಒಲೆಯ ಹತ್ತಿರ ಕೂತ. ನಾನು ಬಾಗಿಲ ಹಿಂದೆಯೇ ನಿಂತೆ.

"ಯವ್ವಾ, ಆಗ ಯಾರ ಜತಿ ಮಾತಾಡ್ತಿದ್ದಿ?"

"ದೇವರ ಜತಿ, ಮಾವ."

"ದೇವರಿಗೆ ಕಿವಿ ಕೇಳ್ತೈತಿ. ಅಷ್ಟು ಯಾಕ ಒದರಿದಿ?"

"ಹುಡುಗಿ ಕಣ್ಣಾರೆ ಕಂಡಾಳ. ತಪ್ಪು ಕಂಡು ಸುಮ್ಮನಿರ್ಬೇಕಾ? ತಿದ್ದೋದು ನಮ್ಮ ಕೆಲಸ ಅಲ್ಲೇನು?"

"ಕೆಲಸಾನೇ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಸ್ವಾಮಿ ಹೆಂಗ ಹೇಳ್ಯಾನ? ಮೊದ್ಲು ಇಬ್ರೇ ಇದ್ದಾಗ ಹೋಗಿ ಹೇಳು ಅಂದಾನ. ನೀನು ಮಂದಿ ಮುಂದ ಹೇಳಿದಿ, ಮ್ಯಾಲೆ ಕಣ್ಣು ಮುಚ್ಚಿಕೊಂಡಿ. ಆಕಿ ಮಾರಿ ನೋಡಿ ಹೇಳಾಕ ನಿನಗ ಧೈರ್ಯ ಇರಲಿಲ್ಲ. ನಾಡಿದ್ದು ಚರ್ಚಿನಾಗ ಕರ್ತನ ಭೋಜನ ಐತಿ. ಆಕಿ ಜತಿ ಮನಸ್ಸು ಮುರಕಂಡು ರೊಟ್ಟಿಗೆ ಹೆಂಗ ಕೈ ಚಾಚ್ತಿ?" ಸ್ವಲ್ಪ ಹೊತ್ತು ಕೆಮ್ಮಿದ. "ಇದನ್ನ ನಾನೂ ಆಗಲೇ, ಅವರ್ಯಾರೂ ಹೋಗೋಕಿಂತ ಮುಂಚೆ, ಎಲ್ಲಾರ ಮುಂದ ಹೇಳಬಹುದಿತ್ತು, ಯವ್ವಾ. ಹೇಳಲಿಲ್ಲ."

 ಅನ್ನ ಸೀದ ವಾಸನೆ ಬಂದರೂ ಅವ್ವ ಏಳಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಅವ್ವ ನನ್ನ ಕೈ ಹಿಡಿದು ಕೌತಾಳಂಗೆ, ದೀನತ್ತೆಯ ಗಂಡನ ಊರಿಗೆ, ಹೊರಟಳು. ಸೀಟು ಸಿಕ್ಕಿತು, ಅದೊಂದು ಕೃಪೆ. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ಅತ್ತೆ ಬರದಿದ್ದರೆ ಎಂಬುದು ನನಗೆ ಒಂದು ಭಯ. ಅವ್ವನಿಗೆ ಹೇಳಿದವಳು ನಾನು ಎಂದು ಆಕೆಗೆ ಗೊತ್ತಾದರೆ ಎಂಬುದು ಇನ್ನೊಂದು. ದೀನತ್ತೆ ಮೈದುನನ ಮನೆಯ ಹೊರಗಿನ ಕಟ್ಟೆಯ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಿಂದೆ ಬಾಗಿಲು ಮುಚ್ಚಿತ್ತು. ಅವ್ವ ನನ್ನನ್ನು ಹುಣಸೆ ಮರದ ಹತ್ತಿರ ನಿಲ್ಲಿಸಿ, ಹೋಗಿ ಆಕೆಯ ಎದುರು ನೆಲದ ಮೇಲೆ ಕೂತಳು.

"ದೀನಾ, ಹಂಗ ಮಂದಿ ಮುಂದ ಅಂದಿದ್ದು ನನ್ನ ತಪ್ಪು. ದೇವರ ಹೆಸರು ಹೇಳಿ ನಿನ್ನ ಹೊಡೆದೆ."

 ದೀನತ್ತೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ನಾಲ್ಕು ಕಾಳು ಅಕ್ಕಿ ಉಳಿದಿತ್ತು. "ಹಸೀ ಅಕ್ಕಿ ತಿಂತೀನಿ ವದಿನಾ. ಬಾಯಿ ಚಪ್ಪರಿಸ್ತೈತಿ, ತಡೆಯಾಕ ಆಗಂಗಿಲ್ಲ. ದೊಡ್ಡ ಡಬ್ಬಿಯಾಗ ತಗಂಡ್ರ ಹುಡುಗಿಗೆ ಅನ್ನ ಕಮ್ಮಿ ಬೀಳ್ತೈತಿ. ದೇವರಾದ್ರ ಬೈಯಂಗಿಲ್ಲ ಅನ್ಕಂಡೆ."

ಅವ್ವ ಆಗ ಆಕೆಯ ಮುಖ ನೋಡಿದಳು. ಹತ್ತಿರ ಸರಿದು ಕೆಳಗಿನ ಕಣ್ಣುರೆಪ್ಪೆ ಜಗ್ಗಿ ನೋಡಿದಳು. "ಅಯ್ಯೋ, ರಕ್ತಾನೇ ಇಲ್ಲಲ್ಲೇ! ಹತ್ತಿಯಂಗ ಬೆಳ್ಳಗ ಆಗೈತಿ ಕಣ್ಣು." ಅಳುತ್ತಲೇ ಹೇಳಿದಳು: "ದೇವರ ಡಬ್ಬಿ ಮುಟ್ಟಬ್ಯಾಡ ದೀನಾ. ಅದು ಇಲ್ಲದೋರ ಪಾಲು. ತಪ್ಪು ತಪ್ಪೇ. ಸೋಮವಾರ ದವಾಖಾನಿಗೆ ಹೋಗಾಣ. ಈಗ ಏಳು."

"ಇಷ್ಟನ್ನ ಒಲಿ ಮುಂದ ಹೇಳಿದ್ರ ಬಸ್ ಚಾರ್ಜಾದ್ರೂ ಉಳೀತಿತ್ತಲ್ಲ, ವದಿನಾ" ಎಂದು ದೀನತ್ತೆ ಮೂಗು ಒರೆಸಿಕೊಂಡಳು. ಇಬ್ಬರೂ ನಕ್ಕರು. ನಾನು ಮರದ ಬುಡದಲ್ಲಿ ಅತ್ತುಬಿಟ್ಟೆ.

ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಕರ್ತನ ಭೋಜನದ ರೊಟ್ಟಿ ತೆಗೆದುಕೊಂಡರು. ಅದಕ್ಕೂ ಮುಂಚೆ ಅವ್ವ ಶುಕ್ರವಾರ ಬಂದಿದ್ದ ಒಬ್ಬೊಬ್ಬರ ಬಳಿಗೂ ಹೋಗಿ ತನ್ನ ತಪ್ಪು ಹೇಳಿಕೊಂಡಳು. ರಕ್ತ ಕಮ್ಮಿಯಾದರೆ ಹಸಿ ಅಕ್ಕಿ ತಿನ್ನುವ ಚಟ ಹತ್ತುತ್ತದಂತೆ, ದವಾಖಾನೆಯ ಗುಳಿಗೆಗೆ ಅದು ಬಿಟ್ಟಿತು. ನಾನು ಮೈನೆರೆಯುವವರೆಗೂ ದೀನತ್ತೆ ನಮ್ಮ ಜೊತೆಗಿದ್ದಳು, ಅದೂ ಕೃಪೆಯೇ. ಈಗ ತಾತ, ಅವ್ವ, ದೀನತ್ತೆ ಮೂವರೂ ಮಣ್ಣಿನಲ್ಲಿದ್ದಾರೆ. ಮನೆ ಇದ್ದ ಜಾಗದಲ್ಲಿ ಹತ್ತಿ ಬೇಲುಗಳ ಗೋದಾಮು ನಿಂತಿದೆ.

ಆದರೆ ಅವತ್ತು ಹಿಂದಕ್ಕೆ ಬರುವ ಬಸ್ಸಿನಲ್ಲಿ ನಡೆದದ್ದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವ್ವನಿಗೆ ತೂಕಡಿಕೆ ಬಂದಿತ್ತು. ನಾನು ದೀನತ್ತೆಯ ತೊಡೆಯ ಮೇಲಿದ್ದೆ. ಆಕೆ ನನ್ನ ಕೆದರಿದ ಕೂದಲು ಸರಿಮಾಡುತ್ತ ಕಿವಿಗೆ ಬಾಯಿ ತಂದು, "ಕಂಡಾಕಿ ನೀನು, ಹೌದಿಲ್ಲೋ?" ಎಂದಳು. ನಾನು ಆಕೆಯ ಸೆರಗು ಬಿಗಿಯಾಗಿ ಹಿಡಿದುಕೊಂಡೆ. "ಮೊದ್ಲು ನನ್ನ ಕೇಳಬೇಕಿತ್ತು, ಬಂಗಾರಿ. ನಾ ನಿನಗ ಸುಳ್ಳು ಹೇಳ್ತಿದ್ದಿಲ್ಲ." ಅಷ್ಟೇ. ಮತ್ತೆ ಜಡೆ ಹೆಣೆಯತೊಡಗಿದಳು. ಆ ಮಾತನ್ನು ಸಾಯುವತನಕ ಇನ್ನೊಮ್ಮೆ ಎತ್ತಲಿಲ್ಲ.

ಈಗ ಈ ಮನೆಗೆ ನಾನೇ ಹಿರಿಯಳು. ನಾನು ಏನಂದರೂ ಮಕ್ಕಳು, ಸೊಸೆ ಹೂಂ ಎನ್ನುತ್ತಾರೆ. ಒಳ್ಳೆಯವರು. ಆದರೂ ಎಷ್ಟೋ ಸಲ ಏನೋ ಒರಟಾಗಿ ಅಂದುಬಿಟ್ಟು, ಆಮೇಲೆ ಒಲೆಯ ಮುಂದೆ ಒಬ್ಬಳೇ ಸ್ವಲ್ಪ ಹೊತ್ತು ಕೂತಿರುತ್ತೇನೆ. ಅವತ್ತು ತಾತ ಅವ್ವನ ಹತ್ತಿರ ಬಂದು ಕೂತ ಹಾಗೆ ಯಾರೂ ಬಂದು ನನ್ನ ಪಕ್ಕದಲ್ಲಿ ಕೂರುವುದಿಲ್ಲ.