ಆರಾಮ್ ಅದೀನ್ರಿ

ವಾಡಿ ಸ್ಟೇಷನ್ನಿನ ಹಿಂದೆ ಅಂಗಡಿ ಇಟ್ಟುಕೊಂಡು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಸಂಗಮೇಶ್ವರನ ಹೆಂಡತಿಗೆ ಕೊರಿಯನ್ ಭಾಷೆ ಬರುತ್ತದೆ ಎಂದರೆ ಜನ ಮೊದಲು ನಗುತ್ತಿದ್ದರು. ನಕ್ಕಾದ ಮೇಲೆ, "ಎಲ್ಲಿ, ಎರಡು ಮಾತು ಆಡಿ ತೋರಸ್ರಿ" ಎಂದು ದುಂಬಾಲು ಬೀಳುತ್ತಿದ್ದರು. ಜಯಮಾಲಾ ಆಡಿ ತೋರಿಸುತ್ತಿರಲಿಲ್ಲ. ಭಾಷೆಯೇನು ಬೀದಿಯಲ್ಲಿ ಕುಣಿಸುವ ಮಂಗವೇ ಎಂದು ಅವಳಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ.

ಅವಳು ಸೇಡಂ ತಾಲ್ಲೂಕಿನ ಆಡಕಿಯ ಮಗಳು. ತವರಿನಲ್ಲಿ ಎಮ್ಮೆ ಕಟ್ಟಿ ಹಾಲು ಹಾಕುವ ಬದುಕು. ಅಂಗಳದಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಮದುವೆಯ ಎರಡನೇ ವರ್ಷ ಸಂಗಮೇಶ್ವರನಿಗೆ ಚೆನ್ನೈ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕೊರಿಯಾದ ಎಂಜಿನಿಯರೊಬ್ಬನ ಮನೆಗೆ ಇವಳು ಅಡುಗೆಗೆ ಹೋದಳು. ಎಂಜಿನಿಯರು ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ. ದಿನವಿಡೀ ಇರುತ್ತಿದ್ದವಳು ಅವನ ತಾಯಿ. ಅಜ್ಜಿಗೆ ಅವರಲ್ಲಿ ಹಲ್ಮೊನಿ ಎನ್ನುತ್ತಾರೆ. ಹಲ್ಮೊನಿಗೆ ಇಂಗ್ಲಿಷ್ ಬಾರದು, ಜಯಮಾಲಾಗೂ ಬಾರದು. ಹೀಗಾಗಿ ಇಬ್ಬರಿಗೂ ಬೇರೆ ದಾರಿ ಉಳಿಯಲಿಲ್ಲ, ಒಬ್ಬರು ಕಲಿಯಲೇಬೇಕಾಯಿತು. ಅಜ್ಜಿಗೆ ಎಪ್ಪತ್ತೆಂಟು, ಇವಳಿಗೆ ಇಪ್ಪತ್ತಾರು. ಕಲಿಯುವ ಪಾಳಿ ಇವಳದೇ ಆಯಿತು.

ಅಕ್ಷರ ಕಲಿತದ್ದು ಕೆಂಪುಮೆಣಸಿನ ಚಟ್ನಿಯ ಡಬ್ಬಿಗಳ ಮೇಲೆ. ವ್ಯಾಕರಣ ಕಲಿಯುವ ಪ್ರಮೇಯವೇ ಬರಲಿಲ್ಲ, ಯಾಕೆಂದರೆ ಅರ್ಧ ವ್ಯಾಕರಣ ಮನೆಯದೇ ಆಗಿತ್ತು. ನಮ್ಮಂತೆ ಅವರೂ ಕ್ರಿಯಾಪದವನ್ನು ಕೊನೆಗೆ ಹೇಳುತ್ತಾರೆ. ಅಪ್ಪನಿಗೆ ಅಪ್ಪಾ ಎನ್ನುತ್ತಾರೆ. ನಾನು ಎನ್ನಲು 'ನಾ' ಎನ್ನುತ್ತಾರೆ, ಆಡಕಿಯಲ್ಲೂ ಅಷ್ಟೇ. ದೊಡ್ಡವರೊಡನೆ ಮಾತಾಡುವಾಗ ನಾವು ಬಾಲಕ್ಕೆ 'ರಿ' ಹಚ್ಚುವಂತೆ ಅವರು 'ಯೊ' ಹಚ್ಚುತ್ತಾರೆ. ಇದೆಲ್ಲ ಯಾವ ಪುಸ್ತಕದಲ್ಲಿದೆಯೋ ಅವಳಿಗೆ ಗೊತ್ತಿಲ್ಲ. ಒಲೆಯ ಮುಂದೆ ನಿಂತು ತಾನೇ ಕಂಡುಕೊಂಡದ್ದು.

ಹಲ್ಮೊನಿ ದಿನಾ ಬೆಳಿಗ್ಗೆ ಇವಳು ಚಪ್ಪಲಿ ಬಿಡುವಷ್ಟರಲ್ಲಿ "ಉಂಡೆಯಾ?" ಎಂದು ಕೇಳುತ್ತಿದ್ದಳು. ಮಾತು ತಿಳಿಯತೊಡಗಿದ ಮೊದಲ ವಾರ ಜಯಮಾಲಾ ಪ್ರಾಮಾಣಿಕವಾಗಿ "ಇಲ್ಲ" ಎಂದಳು. ಅಜ್ಜಿಯ ಮುಖ ಸಣ್ಣದಾಯಿತು; ಗಡಿಬಿಡಿಯಿಂದ ಅನ್ನ ಬಡಿಸಿ, ಮೊಟ್ಟೆ ಹುರಿದು, ಇವಳು ಉಣ್ಣುವ ತನಕ ಎದುರಿಗೆ ಕೂತಳು. ಮಗ ಸಂಜೆ ಬಂದು ನಗುತ್ತ ತಿಳಿಸಿ ಹೇಳಿದ: ಅದು ಪ್ರಶ್ನೆ ಅಲ್ಲ, ನಮಸ್ಕಾರ, ಹಸಿದಿದ್ದರೂ "ಹೂಂ" ಅನ್ನಬೇಕು. ಜಯಮಾಲಾ ನಾಚಿ ನೀರಾದಳು. ಆಮೇಲೆ ಆರು ವರ್ಷ ತಪ್ಪದೆ ಹೂಂ ಎಂದಳು.

ಕಾರ್ಖಾನೆಯ ಕೆಲಸ ಮುಗಿದು ಗಂಡಹೆಂಡಿರು ವಾಡಿಗೆ ಬಂದರು. ಅವಳು ಹಟ ಹಿಡಿದು ಕೊರಿಯನ್ ಪರೀಕ್ಷೆಗೆ ಕೂತು, ಆರು ಮೆಟ್ಟಿಲಲ್ಲಿ ನಾಲ್ಕು ಹತ್ತಿದಳು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ ಸಂಗಮೇಶ್ವರ ಅದನ್ನು ಅಂಗಡಿಯಲ್ಲಿ ತೂಗುಹಾಕಿದ. ಎಂಟು ವರ್ಷ ಅದು ಅಲ್ಲೇ ಧೂಳು ತಿಂದಿತು.

ಎಂಟು ವರ್ಷದ ಮೇಲೆ ಹಾನ್ ಎಂಬ ಕೊರಿಯಾದ ಯುವಕ ಪಕ್ಕದ ಶಹಾಬಾದಿಗೆ ಬಂದ. ಅವನದೊಂದು ಹೊಸ ಕಂಪನಿ. ಒಟ್ಟು ಒಂಬತ್ತು ಜನ, ಒಂದು ಯಂತ್ರ. ಯಂತ್ರವೆಂದರೆ ಅಂಗೈಯಗಲದ ಪ್ಲಾಸ್ಟಿಕ್ ಕೊಳವೆ. ಬೆಳಿಗ್ಗೆ ಸಂಜೆ ಅದರೊಳಗೆ ಊದುವುದು; ಎಷ್ಟು ಊದಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಫೋನು ಹೇಳುತ್ತದೆ; ಕ್ರಮೇಣ ಎದೆ ಬಲವಾಗುತ್ತದೆ. ಬಲವಾಗುತ್ತದೆ ಎಂಬುದು ಹಾನ್‌ನ ನಂಬಿಕೆ. ಅವನ ತಂದೆ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಉಸಿರು ಸಾಲದೆ ಸತ್ತವನು. ಆದ್ದರಿಂದ ಆ ನಂಬಿಕೆಯನ್ನು ಹಗುರಾಗಿ ನೋಡುವಂತಿಲ್ಲ. ನಂಬಿಕೆಯನ್ನು ಪರೀಕ್ಷೆ ಮಾಡಲು ಧೂಳು ಕುಡಿದ ಜನ ಬೇಕಿತ್ತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳಲ್ಲಿ, ಪಾಲಿಶ್ ಮಷೀನುಗಳ ಮುಂದೆ, ಅಂಥವರಿಗೆ ಬರವಿರಲಿಲ್ಲ.

ನೂರಾ ಇಪ್ಪತ್ತು ಜನರನ್ನು ಆರಿಸಿದರು. ಮೊದಲ ಸುತ್ತಿನ ಪ್ರಶ್ನೆಗಳನ್ನು ಬೆಂಗಳೂರಿನ ಯಾರೋ ಪುಸ್ತಕದ ಕನ್ನಡಕ್ಕೆ ತಂದಿದ್ದರು: "ತಮಗೆ ಉಸಿರಾಟದಲ್ಲಿ ತೊಂದರೆ ಅನುಭವಕ್ಕೆ ಬರುತ್ತಿದೆಯೇ?" ಮಿಕ್ಕದ್ದು ತಿಳಿಯದಿದ್ದರೂ ತೊಂದರೆ ಎಂಬ ಮಾತು ತಿಳಿದು, ಎಪ್ಪತ್ತೊಂದು ಜನ ಹೌದು ಎಂದರು. ಆದರೆ ಪ್ರಶ್ನೆ ಬಲು ಗಡುಸು ಎಂದು ಅದನ್ನು ಹಿಡಿದು ಮನೆ ಮನೆ ತಿರುಗಿದ ಕಂಪನಿಯ ಹೆಣ್ಣುಮಕ್ಕಳು ದೂರಿದರು. ಆಗಲೇ ಹಾನ್‌ಗೆ ವಾಡಿಯ ವೈಂಡಿಂಗ್ ಅಂಗಡಿಯಲ್ಲಿ ತೂಗುವ ಸರ್ಟಿಫಿಕೇಟಿನ ಸುದ್ದಿ ಮುಟ್ಟಿದ್ದು.

ಜಯಮಾಲಾ ನಲವತ್ತರ ವಯಸ್ಸಿನಲ್ಲಿ ಮೊದಲ ಸಲ ಕುರ್ಚಿ ಮೇಜಿನ ಕೆಲಸಕ್ಕೆ ಸೇರಿದಳು. ಎರಡನೇ ಸುತ್ತಿನ ಪ್ರಶ್ನೆಗಳನ್ನು ಕೊರಿಯನ್‌ನಿಂದ ನೇರವಾಗಿ ಊರ ಮಾತಿಗೆ ಇಳಿಸಿದವಳು ಅವಳೇ. ಮೊದಲ ಪ್ರಶ್ನೆಯಲ್ಲಿ 'ಫ್ಯೊನ್‌ಹಾದಾ' ಎಂಬ ಮಾತಿತ್ತು. ಸುಖವಾಗಿರುವುದು, ಸಲೀಸಾಗಿರುವುದು, ಎಲ್ಲೂ ಬಿಗಿಯಿಲ್ಲದಿರುವುದು. ಅವಳಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಆ ಮಾತಿಗೆ ನಮ್ಮಲ್ಲಿ ಹೇಳಿ ಮಾಡಿಸಿದಂಥ ಮಾತಿದೆ. "ಆರಾಮ್ ಅದೀರಿ? ಉಸುರು ಆರಾಮ್ ಅದನ?" ಎಂದು ಬರೆದಳು. ಬರೆದು ಓದಿಕೊಂಡಾಗ ಹೆಮ್ಮೆಯಿಂದ ಎದೆ ತುಂಬಿತು.

ಮೂರು ತಿಂಗಳು ಜನ ಊದಿದರು. ಆಮೇಲೆ ಹೊಸ ಪ್ರಶ್ನೆ ಹಿಡಿದು ಹೆಣ್ಣುಮಕ್ಕಳು ಮತ್ತೆ ಮನೆ ಮನೆಗೆ ಹೋದರು. ತೊಂದರೆ ಇದೆ ಎಂದವರು ಈ ಸಲ ಹದಿನಾಲ್ಕೇ ಜನ. ಕೊಳವೆ ತೋರಿಸುವ ಅಂಕಿಗಳು ಮಾತ್ರ ಇದ್ದಲ್ಲೇ ಇದ್ದವು. ಅಂಕಿ ಏರಲು ವರ್ಷ ಬೇಕು, ಮನುಷ್ಯನಿಗೆ ಮೊದಲು ಅನ್ನಿಸುತ್ತದೆ ಎಂದ ಹಾನ್. ಈ ಫಲಿತಾಂಶ ನೋಡಿಯೇ ಸಿಯೋಲ್‌ನಿಂದ ಹೂಡಿಕೆದಾರರು ಬರುವುದು ನಿಕ್ಕಿಯಾಯಿತು. ಹಣ ಬಂದರೆ ಚಿತ್ತಾಪುರ, ಚಿಂಚೋಳಿಗೂ ಕೆಲಸ ಹಬ್ಬುತ್ತದೆ. ಜಯಮಾಲಾ ಐದು ವರ್ಷಕ್ಕೆ ಈ ಭಾಗದ ಮುಖ್ಯಸ್ಥೆ. ಹಾನ್ ನೇಮಕದ ಕಾಗದವನ್ನೂ ತಯಾರು ಮಾಡಿಸಿದ್ದ. ಅದರಲ್ಲಿ ಅವಳ ಹೆಸರನ್ನು ಕೊರಿಯನ್ ಅಕ್ಷರದಲ್ಲಿ ಬರೆದಿತ್ತು. ಅವಳು ಅದನ್ನು ಮೂರು ಸಲ ಓದಿದಳು.

ಅತಿಥಿಗಳಿಗೆ ತೋರಿಸಲು ಅಮೃತಮ್ಮನ ಮನೆ ಆರಿಸಿದರು. ಅಮೃತಮ್ಮ ಮೂವತ್ತು ವರ್ಷ ಫರ್ಸಿ ಪಾಲಿಶ್ ಮಾಡಿದವಳು, ಮಾತಿನ ಮಲ್ಲಿ, ಕಾಗದದ ಪ್ರಕಾರ ಪೂರ್ತಿ ಆರಾಮ್. ಹಿಂದಿನ ದಿನ ಹೇಳಿಬರಲು ಜಯಮಾಲಾ ಹೋದಾಗ ಅವಳು ನಳದಿಂದ ಕೊಡ ಹೊತ್ತು ಬರುತ್ತಿದ್ದಳು. ಬಾಗಿಲಿಗೆ ಮೂರು ಮೆಟ್ಟಿಲು. ಹತ್ತಿದವಳೇ ಕೊಡ ಇಳಿಸಿ, ಮೊಣಕಾಲ ಮೇಲೆ ಕೈಯೂರಿ, ಬಾಯಿ ತೆರೆದು ಕೂತುಬಿಟ್ಟಳು. ಒಂದು ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

"ಆರಾಮ್ ಅದೀ ಏನಬೇ?" ಎಂದಳು ಜಯಮಾಲಾ, ರೂಢಿಯಂತೆ.

"ಆರಾಮ್ ಅದೀನವಾ. ಬಾ, ಕುಂದ್ರು."

ಜಯಮಾಲಾ ಕೂಡಲಿಲ್ಲ. "ಅಬೇ, ದಮ್ಮ ಹತ್ತತದೇನು ನಿನಗ?" ಎಂದಳು.

"ಹತ್ತಲಾರದೇನವಾ? ಹಾಸಿಗಿಗಿ ಬೆನ್ನು ಹಚ್ಚಿ ವರ್ಷ ಆಯ್ತು. ಕುಂತೇ ನಿದ್ದಿ ಮಾಡ್ತೀನಿ."

"ಮತ್ತ ನಮ್ಮ ಹುಡಿಗೇರು ಕೇಳ್ಲಿಕ್ಕ ಬಂದಾಗ ಆರಾಮ್ ಅಂತ ಯಾಕ ಬರಸಿದಿ?"

ಅಮೃತಮ್ಮ ಅವಳನ್ನು ಹೊಸದಾಗಿ ಕಂಡವಳಂತೆ ನೋಡಿದಳು. "ಮನಿಗಿ ಬಂದೋರು ಆರಾಮ್ ಅದೀರಿ ಅಂತ ಕೇಳಿದ್ರ, ಇಲ್ಲ ಅಂತಾರೇನು ಯಾರರೆ?"

ಅಂದು ಜಯಮಾಲಾ ಅದೇ ಓಣಿಯ ಹತ್ತು ಮನೆ ತಿರುಗಿದಳು. ಆರಾಮ್ ಎಂದು ಬರೆಸಿದ್ದ ಹತ್ತು ಜನರಲ್ಲಿ ಏಳು ಜನಕ್ಕೆ ದಮ್ಮಿತ್ತು. ಯಂತ್ರ ಯಾರನ್ನೂ ನೆಟ್ಟಗೆ ಮಾಡಿರಲಿಲ್ಲ. ಮಾಡಿದ್ದು ಅವಳ ಕನ್ನಡ. ಹೆಮ್ಮೆಪಟ್ಟು ಬರೆದ ಅದೇ ಎರಡು ಸಾಲು. ಆಡಕಿಯಲ್ಲಿ ಹುಟ್ಟಿ, ಆ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಆಡಿ, ಅದು ಪ್ರಶ್ನೆಯಲ್ಲ ಎಂಬುದು ತನಗೆ ಹೊಳೆಯದೇ ಹೋಯಿತಲ್ಲ ಎಂದು ಅವಳಿಗೆ ತನ್ನ ಮೇಲೆ ವಿಪರೀತ ನಾಚಿಕೆಯಾಯಿತು. ಪರಭಾಷೆಯವರು ಮಾಡುವ ತಪ್ಪಲ್ಲ ಇದು. ಮನೆಯವರಷ್ಟೇ ಮಾಡಬಲ್ಲ ತಪ್ಪು.

ಹಾನ್ ಪೂರ್ತಿ ಕೇಳಿಸಿಕೊಂಡ. "ನಾಳೆ ಮುಗಿಯಲಿ," ಎಂದ. "ಹಣ ಬಂದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸರಿಯಾದ ಪರೀಕ್ಷೆ ಮಾಡಿಸೋಣ. ಹಣವಿಲ್ಲದೆ ಪರೀಕ್ಷೆ ಮಾಡಿಸುವುದು ಹೇಗೆ? ನಾಳೆ ನೀವು ಅವರು ಆಡಿದ್ದನ್ನಷ್ಟೇ ಅನುವಾದ ಮಾಡಿ. ಸುಳ್ಳು ಹೇಳಿ ಅನ್ನುತ್ತಿಲ್ಲ."

ಸುಳ್ಳು ಹೇಳು ಎಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮನೆಯಲ್ಲಿ ಸಂಗಮೇಶ್ವರ ತಂತಿ ಸುತ್ತುವುದನ್ನು ನಿಲ್ಲಿಸದೆ ಕೇಳಿದ. "ತಪ್ಪು ನಿಂದು ಅಂತ ನಿನಗ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ. ಹಂಗಂತ ನಾ ಏನೂ ಹೇಳ್ಲಿಕತ್ತಿಲ್ಲ ಮತ್ತ," ಎಂದ. ಗಂಡಸರ ಸಲಹೆ ಸಾಮಾನ್ಯವಾಗಿ ಹೀಗೇ ಇರುತ್ತದೆ.

ಮರುದಿನ ಹನ್ನೊಂದಕ್ಕೆ ಕಾರುಗಳು ಬಂದವು. ಹೂಡಿಕೆ ಸಂಸ್ಥೆಯ ಹಿರಿಯಳು ಅರವತ್ತರ ಹೆಂಗಸು. ಮನೆತನದ ಹೆಸರು ಓ. ಓ ಮೇಡಂ ಎಂದು ಯಾರಾದರೂ ಕರೆದಾಗಲೆಲ್ಲ ಓಣಿಯ ಹುಡುಗಿಯರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವಳು ಚಪ್ಪಲಿ ಬಿಟ್ಟು ಒಳಬಂದು, ಕುರ್ಚಿ ಬೇಡವೆಂದು ಅಮೃತಮ್ಮನ ಎದುರು ಚಾಪೆಯ ಮೇಲೆ ಕೂತಳು. ಮೊದಲಿಗೆ ಅವರ ಪದ್ಧತಿಯಂತೆ ಕೇಳಿದಳು: ಊಟವಾಯಿತೇ?

ಜಯಮಾಲಾ ಅನುವಾದಿಸಿದಳು. "ಆಯ್ತ್ರಿ," ಎಂದಳು ಅಮೃತಮ್ಮ.

ಉಸಿರು ಸಲೀಸಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಜಯಮಾಲಾ ಕಾಗದದಲ್ಲಿದ್ದಂತೆಯೇ ಕೇಳಿದಳು. ಅಮೃತಮ್ಮ ಅತಿಥಿಯ ಕಡೆ ತಿರುಗಿ, ಕೈ ಮುಗಿದು, "ಆರಾಮ್ ಅದೀನ್ರಿ," ಎಂದಳು.

ಎಲ್ಲರೂ ಜಯಮಾಲಾಳ ಬಾಯಿ ನೋಡುತ್ತಿದ್ದರು. ಹಾನ್ ನೆಲ ನೋಡುತ್ತಿದ್ದ.

"ಸಲೀಸಾಗಿದೆ ಎನ್ನುತ್ತಾರೆ," ಎಂದಳು ಅವಳು ಕೊರಿಯನ್‌ನಲ್ಲಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು. "ಆದರೆ ಮೇಡಂ, ಮೊದಲು ನೀವು ಊಟವಾಯಿತೇ ಎಂದು ಕೇಳಿದಿರಿ. ಆಯಿತು ಎಂದರು. ನೀವು ಬರುವಾಗ ಹೊಗೆ ಇರಬಾರದೆಂದು ಈ ಮನೆಯಲ್ಲಿ ಬೆಳಗಿನಿಂದ ಒಲೆ ಹಚ್ಚಿಲ್ಲ. ನೋಡಬಹುದು. ಎರಡನೆಯದೂ ಅಂಥದೇ ಉತ್ತರ. ನಮ್ಮಲ್ಲಿ ಅದು ಪ್ರಶ್ನೆಯಲ್ಲ, ನಮಸ್ಕಾರ. ಅದನ್ನು ಪ್ರಶ್ನೆಯೆಂದು ಬರೆದವಳು ನಾನು. ಹಾನ್ ಅವರಿಗೆ ನಮ್ಮ ಭಾಷೆ ಗೊತ್ತಿಲ್ಲ."

ಓ ಮೇಡಂ ತಿರುಗಿ ಒಲೆಯನ್ನು ನೋಡಿದಳು. ತೊಳೆದಿಟ್ಟ ಹಂಚು, ತಣ್ಣನೆಯ ಬೂದಿ. ಮತ್ತೆ ಇತ್ತ ತಿರುಗಿ ಕೇಳಿದಳು: "ಹಾಗಾದರೆ ಯಾವ ಮಾತಿನಲ್ಲಿ ಕೇಳಬೇಕು?"

ಜಯಮಾಲಾ ಹೇಳಿಕೊಟ್ಟಳು. ಆ ಹೆಂಗಸು ಅಮೃತಮ್ಮನ ಕೈ ಹಿಡಿದು, ತೊದಲುತ್ತ, "ದಮ್ಮ?" ಎಂದಳು.

ಅಮೃತಮ್ಮನ ಮುಖದಿಂದ ಮರ್ಯಾದೆಯ ನಗೆ ಇಳಿದುಹೋಯಿತು. ಪಾಲಿಶ್ ಮಷೀನಿನಿಂದ ಶುರು ಮಾಡಿದಳು. ಸೆರಗಿನಲ್ಲಿ ಮೂಗು ಕಟ್ಟಿಕೊಂಡದ್ದು, ಉಗುಳಿದರೆ ಬಿಳಿ ಬರುತ್ತಿದ್ದದ್ದು, ಗೋಡೆಗೆ ಒರಗಿ ಬೆಳಗು ಮಾಡುವುದು. ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದಳು, ಆಗ ಎಲ್ಲರೂ ಕಾಯುತ್ತಿದ್ದರು. ಜಯಮಾಲಾ ಒಂದು ಮಾತನ್ನೂ ಬಿಡದೆ ದಾಟಿಸಿದಳು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಕೊರಿಯನ್ ಆಡಿರಲಿಲ್ಲ.

ಹಣ ಬರಲಿಲ್ಲ. ಓ ಮೇಡಂ ಹೋಗುವಾಗ ಜಯಮಾಲಾಗೆ ಸೊಂಟ ಬಾಗಿಸಿ ವಂದಿಸಿದಳು. ಅದು ವಂದನೆ ಮಾತ್ರ, ಬೇರೇನೂ ಆಗಿರಲಿಲ್ಲ. ಎರಡು ತಿಂಗಳಲ್ಲಿ ಹಾನ್ ಶಹಾಬಾದಿನಲ್ಲಿ ಕಚೇರಿಗೆಂದು ಹಿಡಿದಿದ್ದ ಕೋಣೆ ಖಾಲಿ ಮಾಡಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಂದಿಷ್ಟು ಹಗುರಾಗುತ್ತಿತ್ತು. ಹೊರಡುವ ಮುಂಚೆ ಅವಳು ಅಮೃತಮ್ಮನನ್ನು ಕಲಬುರಗಿಯ ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ತನ್ನ ಕಾರು ಕೊಟ್ಟ. ಡಾಕ್ಟರು ಎದೆಯ ಫೋಟೊ ತೆಗೆಸಿ, ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧಿ ಬರೆದರು. ಕೊರಿಯನ್ ಅಕ್ಷರದಲ್ಲಿ ತನ್ನ ಹೆಸರಿದ್ದ ಆ ನೇಮಕದ ಕಾಗದವನ್ನು ಜಯಮಾಲಾ ಹರಿಯಲಿಲ್ಲ. ಮಡಚಿ ಸರ್ಟಿಫಿಕೇಟಿನ ಹಿಂದೆ ಸಿಕ್ಕಿಸಿದಳು.

ಆಮೇಲೆ ಒಂದು ಮಧ್ಯಾಹ್ನ ಗಂಡನ ಅಂಗಡಿಗೆ ತಾಮ್ರದ ತಂತಿ ತರಲು ಅವಳು ಶಹಾಬಾದಿಗೆ ಬಂದಿದ್ದಳು. ವಾಪಸ್ ಹೋಗುವ ಗಾಡಿ ತಡವಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ತಂತಿಯ ಸುರುಳಿ ತೊಡೆಯಲ್ಲಿಟ್ಟುಕೊಂಡು ಕೂತಿದ್ದಾಗ, ಔಷಧಿ ತರಲು ಕಲಬುರಗಿಗೆ ಹೊರಟ ಅಮೃತಮ್ಮ ನಿಧಾನಕ್ಕೆ ಹೆಜ್ಜೆ ಹಾಕುತ್ತ ಬಂದು ಪಕ್ಕದಲ್ಲಿ ಕೂತಳು. ಉಸಿರು ತಿರುಗಿಸಿಕೊಂಡು, ಅವಳ ಮುಖ ನೋಡಿದಳು.

"ಆರಾಮ್ ಅದೀ ಏನವಾ?"

"ಆರಾಮ್ ಅದೀನಬೇ," ಎಂದಳು ಜಯಮಾಲಾ.

"ಅದು ಇರ್ಲಿ," ಎಂದಳು ಅಮೃತಮ್ಮ, ತಂತಿಯ ಸುರುಳಿಯನ್ನು ಅವಳ ತೊಡೆಯಿಂದ ತೆಗೆದು ಕೆಳಗಿಡುತ್ತ. "ಖರೇ ಹೇಳು."

ಗಾಡಿಗೆ ಇನ್ನೂ ಅರ್ಧ ಗಂಟೆಯಿತ್ತು. ಜಯಮಾಲಾ ಹೇಳಲು ಶುರು ಮಾಡಿದಳು.