ಭಾವನ ಸಹಿ, ಮಾವನ ಕೈ

ಊರಿನ ಅರ್ಧ ಗಾಡಿಗಳ ಹಿಂದೆ ಮುಂದೆ ಅವನ ಕೈಬರಹವೇ ಓಡಾಡುತ್ತದೆ. ನಂಬರ್ ಪ್ಲೇಟ್ ಬರೆಯುವುದು ಕಸುಬು. ಅಂಗಡಿ ಇನ್ನೊಬ್ಬರದು, ಬ್ರಷ್ ಮಾತ್ರ ಅವನದು. "ತಲೆ ಕೊಡುವಾಗ ದೇವರು ಜಿಪುಣತನ ಮಾಡಿದ, ಆಮೇಲೆ ನಾಚಿಕೆಯಾಗಿ ಕೈ ಚೆನ್ನಾಗಿ ಕೊಟ್ಟ" ಎಂದು ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಡುತ್ತಾನೆ. ಗೆಳೆಯರಿಗೆ ಅವನು ನಂಬರಣ್ಣ.

ಅಕ್ಕ ತೀರಿಕೊಂಡಾಗ ಅವಳ ಮಗಳು ಗುಬ್ಬಿಗೆ ಆರು ವರ್ಷ. ಹದಿನೈದು ದಿನದ ಮಟ್ಟಿಗೆ ಎಂದು ಭಾವ ಹುಡುಗಿಯನ್ನು ಇವನ ಒಂಟಿ ಕೋಣೆಯಲ್ಲಿ ಬಿಟ್ಟು ಹೋದ. ಆ ಹದಿನೈದು ದಿನ ನಾಲ್ಕು ವರ್ಷವಾಯಿತು.

ಶಾಲೆಯ ಮೊದಲ ಪ್ರಗತಿ ಪತ್ರಕ್ಕೆ ಅವನು ತನ್ನದೇ ಸಹಿ ಹಾಕಿದ್ದ. ಗುಮಾಸ್ತೆ ಹಿಂದಕ್ಕೆ ತಳ್ಳಿದಳು. "ತಂದೆ ಇಲ್ಲಾ ತಾಯಿ ಸಹಿ ಬೇಕು. ಮಾವಂಗೆ ಇಲ್ಲಿ ಕಾಲಂ ಇಲ್ಲ."

ಅಕ್ಕನ ಮದುವೆ ನೋಂದಣಿ ಪತ್ರ ತೆಗೆದು, ಅದರಲ್ಲಿದ್ದ ಭಾವನ ಸಹಿಯನ್ನು ಅವನು ಬಾಯಿಪಾಠ ಮಾಡಿದಂತೆ ಕೈಪಾಠ ಮಾಡಿದ: ಉದ್ದ ಬಾಲ, ಕೆಳಗೆ ಎರಡು ಚುಕ್ಕಿ. ಮರುದಿನ ಗುಮಾಸ್ತೆ ತುಟಿ ಪಿಟಕ್ಕೆನ್ನದೆ ಮುದ್ರೆ ಒತ್ತಿದಳು. ಅಲ್ಲಿಂದ ಹನ್ನೆರಡು ಪ್ರಗತಿ ಪತ್ರಗಳಲ್ಲೂ ಭಾವ ತಪ್ಪದೆ ಹಾಜರಾದ.

ಈ ವರ್ಷ ಭಾವ ನಿಜವಾಗಿಯೇ ಶಾಲೆಗೆ ಬಂದು ಗುಬ್ಬಿಯ ವರ್ಗಾವಣೆ ಪತ್ರ ಕೇಳಿದ. ಹೊಸ ಹೆಂಡತಿಗೆ ಕೂಸು ಹುಟ್ಟಿತ್ತು. ಅದನ್ನು ಎತ್ತಿ ಆಡಿಸಲು ಮನೆಯಲ್ಲೊಂದು ಹುಡುಗಿ ಬೇಕಿತ್ತು.

"ನನ್ನ ಮಗಳು, ನಾನು ಕರ್ಕೊಂಡು ಹೋಗ್ತೀನಿ. ನಡುವೆ ನೀನ್ಯಾರಯ್ಯ?" ಎಂದ ಫೋನಿನಲ್ಲಿ.

ಅದಕ್ಕೆ ಕಾಗದದ ಮೇಲೆ ಉತ್ತರವಿರಲಿಲ್ಲ. ಉಚಿತ ಕಾನೂನು ನೆರವು ಕೇಂದ್ರಕ್ಕೆ ಓಡಿದ. ಅಲ್ಲಿನ ವಕೀಲೆ ಕಡತದಿಂದ ಕಣ್ಣೆತ್ತದೆ ಬೈಯುವ ಹೆಂಗಸು. ಬೈಯುತ್ತಲೇ ಪೋಷಕತ್ವದ ಅರ್ಜಿ ಹಾಕಿಸಿದಳು. ಭಾವನ ಉತ್ತರ ಬಂತು: ಮಗಳ ಓದನ್ನು ನಾನೇ ನೋಡಿಕೊಂಡಿದ್ದೇನೆ. ಜೊತೆಗೆ ಶಾಲೆಯಿಂದ ತಂದ ಹನ್ನೆರಡು ಪ್ರಗತಿ ಪತ್ರಗಳ ನಕಲು.

ವಕೀಲೆ ಆಗ ಕಣ್ಣೆತ್ತಿದಳು. "ಅವನು ಬರ್ತಾನೇ ಇರ್ಲಿಲ್ಲ ಅಂದೆ. ಈ ಸಹಿ ಯಾರದು?"

"ಸಹಿ ಭಾವಂದು ಮೇಡಂ. ಕೈ ನಂದು."

"ಅಂದ್ರೆ ಅವನ ಪರ ಸಾಕ್ಷಿ ನೀನೇ ತಯಾರು ಮಾಡಿಕೊಟ್ಟಿದ್ದೀಯ. ಅದೂ ಮುತ್ತು ಪೋಣಿಸಿದ ಹಾಗೆ."

"ಕೆಲಸ ಅಂದ್ಮೇಲೆ ನೀಟಾಗಿರ್ಬೇಕಲ್ಲ ಮೇಡಂ."

"ನಗಬೇಡ. ಬಾಯಿ ಮುಚ್ಕೊಂಡಿದ್ರೆ ಹುಡುಗಿ ಹೋಗ್ತಾಳೆ. ಬಾಯಿ ಬಿಟ್ರೆ ಸುಳ್ಳು ಸಹಿ ಕೇಸು ನಿನ್ನ ತಲೆ ಮೇಲೆ. ಯಾವುದು ಬೇಕು?"

ತನ್ನ ಬೆರಳಿಂದ ತನ್ನ ಕಣ್ಣನ್ನೇ ತಿವಿದುಕೊಂಡವನಿಗೆ ಆರಿಸಿಕೊಳ್ಳಲು ಏನಿರುತ್ತದೆ? "ಬಾಯಿ ಬಿಡ್ತೀನಿ" ಎಂದ.

ವಿಚಾರಣೆಯ ದಿನ ಹೇಳಿಯೂ ಬಿಟ್ಟ. ಭಾವ ಎದ್ದುನಿಂತು, "ಸುಳ್ಳು. ಎಲ್ಲಾ ನಾನೇ ಹಾಕಿದ್ದು" ಎಂದ. ಆ ಸಹಿ ಹಾಕಿ ತೋರಿಸಿ ಎಂದು ನ್ಯಾಯಾಧೀಶರು ಇಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಡಿಸಿದರು.

ಭಾವ ಬರೆದ. ಮದುವೆಯ ಕಾಲದ ಬಾಲ ಯಾವತ್ತೋ ಮೋಟಾಗಿತ್ತು, ಚುಕ್ಕಿಗಳಿರಲಿಲ್ಲ. ನಂಬರಣ್ಣ ಬರೆದ. ಅವನ ಹಾಳೆ ಹನ್ನೆರಡು ಪತ್ರಗಳ ಪಕ್ಕದಲ್ಲಿ ಹದಿಮೂರನೆಯದಾಗಿ ಕೂತಿತು.

"ಇತ್ತೀಚೆಗೆ ಬದಲಾಯಿಸಿದೆ" ಎಂದ ಭಾವ.

"ಕಳೆದ ತಿಂಗಳ ಪತ್ರದಲ್ಲೂ ಹಳೇದೇ ಇದೆಯಲ್ಲ" ಎಂದರು ನ್ಯಾಯಾಧೀಶರು. ಭಾವ ತನ್ನ ವಕೀಲರ ಮುಖ ನೋಡಿದ. ವಕೀಲರು ಛಾವಣಿಯ ಫ್ಯಾನ್ ನೋಡಿದರು.

ಇನ್ನೆರಡು ವಾಯಿದೆಗಳಾದ ಮೇಲೆ ಗುಬ್ಬಿಯ ಪೋಷಕ ಅವನೇ ಎಂದು ಆದೇಶವಾಯಿತು. "ಇದನ್ನ ಮೆಚ್ಚುಗೆ ಅಂದ್ಕೋಬೇಡಿ. ಸುಳ್ಳು ಸಹಿ ವಿಷಯ ಬೇರೆಯಾಗಿ ನೋಡ್ತೀನಿ" ಎಂದು ನ್ಯಾಯಾಧೀಶರು ಅವನ ನಗುವನ್ನು ಅಲ್ಲೇ ಅಳಿಸಿದರು. ಹೊರಗೆ ಭಾವ ಅವನ ಕಾಲಬುಡದಲ್ಲಿ ಉಗಿದು ಹೋದ.

ಮುಂದಿನ ಪ್ರಗತಿ ಪತ್ರಕ್ಕೆ ಅವನು ತನ್ನ ಸ್ವಂತ ಸಹಿ ಹಾಕಿದ. ನಾಲ್ಕು ವರ್ಷ ರೂಢಿ ತಪ್ಪಿ ಅದು ಸೊಟ್ಟಗಾಗಿತ್ತು. ಗುಮಾಸ್ತೆ ಹಳೆಯದರ ಪಕ್ಕ ಇಟ್ಟು ನೋಡಿದಳು.

"ತಾಳೆ ಆಗ್ತಿಲ್ಲ. ವಾಪಸ್ ತಗೊಳ್ಳಿ."

ಅವನು ಆದೇಶದ ಪ್ರತಿ ಚಾಚಿದ. ಅವಳು ಪೂರ್ತಿ ಓದಿದಳು. "ಅಂದ್ರೆ ಇಷ್ಟು ವರ್ಷ ನಮಗೆ ಟೋಪಿ ಹಾಕಿದ್ರಿ."

"ಟೋಪಿ ಕೇಳಿದ್ದು ನೀವೇ. ಅಳತೆಗೆ ಸರಿಯಾಗಿ ಹೊಲಿದು ಕೊಟ್ಟೆ."

ಅವಳು 'ತಂದೆ' ಎಂಬುದನ್ನು ಹೊಡೆದುಹಾಕಿ ಮೇಲೆ 'ಪೋಷಕ' ಎಂದು ಬರೆದಳು. ಮುದ್ರೆಯನ್ನು ಬೇಕೆಂದೇ ಅವನ ಸಹಿಯ ಮೇಲೆ ಕುಟ್ಟಿದಳು. ಅವನು ಬಗ್ಗಿ, ಪ್ಲೇಟ್ ಒಣಗಿದೆಯೇ ಎಂದು ನೋಡುವವನಂತೆ ನೋಡಿದ. ಅರ್ಧ ಮುಚ್ಚಿತ್ತು. ಹೆಸರು ಮಾತ್ರ ಓದಲು ಬರುತ್ತಿತ್ತು.