ಡಬ್ಬಿಯೊಳಗಿನ ಹಸಿ ಮಣ್ಣು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರುಮಾಡಿದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ನಾನು ಕೃಷಿ ಇಲಾಖೆಯವನು. ರೈತರ ಹೊಲದ ಮಣ್ಣು ತೆಗೆದು ಪರೀಕ್ಷೆಗೆ ಕಳಿಸುವುದೇ ಕೆಲಸ. ಮಣ್ಣಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕೂ ಒಂದಿಷ್ಟು ಇತ್ತೆನ್ನಿ.

ಕೆಲವು ವರ್ಷಗಳ ಹಿಂದೆ, ಕಡು ಬೇಸಿಗೆಯಲ್ಲಿ, ಬೇವೂರಿನ ಹತ್ತಿರ ಬದುವಿನ ಜಗಳದಲ್ಲಿ ಈರಪ್ಪ ಎಂಬ ತರುಣನ ಕೊಲೆಯಾಯಿತು. ಪಕ್ಕದ ಹೊಲದವನೇ ಆರೋಪಿ, ಕೊಲೆ ನಡೆದದ್ದೂ ಅವನ ಹೊಲದಲ್ಲೇ. ಇನ್‌ಸ್ಪೆಕ್ಟರು ನನ್ನನ್ನು ಪಂಚನಾಮೆಗೆ ಕರೆದರು. "ಸರಕಾರಿ ಮಂದಿ ಪಂಚರಾದ್ರ ಕೇಸು ಗಟ್ಟಿ ಆಗತೈತಿ, ಬರ್ರಿ ಸರ."

ಹೋದೆ. ಎರೆಹೊಲ ಬಿಸಿಲಿಗೆ ಬಿರುಕು ಬಿಟ್ಟಿತ್ತು. ರಕ್ತ ಒಣಗಿ ಅಂಟಿದ ಹೆಂಟೆಗಳನ್ನು ನನ್ನೆದುರೇ ಒಂದು ಡಬ್ಬಿಗೆ, ಪಕ್ಕದ ಬರಿಮಣ್ಣನ್ನು ಇನ್ನೊಂದಕ್ಕೆ ಹಾಕಿದರು. ಒಳಗೆ ನಾನು ಶಾಯಿಪೆನ್ನಿನಿಂದ ಸಹಿ ಮಾಡಿದ ಚೀಟಿ ಇಟ್ಟು, ಬಟ್ಟೆ ಸುತ್ತಿ, ಅರಗಿನ ಸೀಲು ಒತ್ತಿದರು.

ವಿಚಾರಣೆ ಕೊಪ್ಪಳದ ಕೋರ್ಟಿಗೆ ಬರುವಷ್ಟರಲ್ಲಿ ಕಣ್ಣಾರೆ ಕಂಡವರೆಲ್ಲ ಉಲ್ಟಾ ಹೊಡೆದಿದ್ದರು. ಈರಪ್ಪ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ ಎಂಬುದು ಆರೋಪಿಯ ವಾದ. ಅದನ್ನು ಸುಳ್ಳು ಮಾಡಲು ಉಳಿದಿದ್ದದ್ದು ಆ ರಕ್ತದ ಮಣ್ಣೊಂದೇ.

ನಾನು ಕಟಕಟೆಯಲ್ಲಿ ನಿಂತೆ. ಲ್ಯಾಬಿನವರು ಪರೀಕ್ಷಿಸಿ ಮತ್ತೆ ಒತ್ತಿ ಕಳಿಸಿದ ಸೀಲುಗಳು ನೆಟ್ಟಗಿದ್ದವು, ಸುತ್ತಿದ ಬಟ್ಟೆ ಒಣಗೇ ಇತ್ತು. ಬರಿಮಣ್ಣಿನ ಡಬ್ಬಿ ಬಿಚ್ಚಿದರೆ ಧೂಳು ಹಾರಿತು. ರಕ್ತದ ಮಣ್ಣಿನದನ್ನು ಬಿಚ್ಚಿದಾಗ ಸಿಬ್ಬಂದಿಯ ಕೈ ತೊಯ್ದಿತು. ಒಳಗಿನ ಮಣ್ಣು ಕೆಸರಾಗಿತ್ತು, ಆಗಷ್ಟೇ ಮಳೆ ಬಿದ್ದ ಹೊಲದಿಂದ ಎತ್ತಿ ತಂದ ಹಾಗೆ. ಚೀಟಿಯ ಮೇಲೆ ನನ್ನ ಸಹಿಯ ಬದಲು ನೀಲಿ ಕಲೆಯಷ್ಟೇ ಉಳಿದಿತ್ತು.

"ನೀವು ಸಹಿ ಮಾಡಿದ ಮಣ್ಣು ಹಿಂಗ ಹಸಿ ಇತ್ತೇನ್ರಿ?" ಆರೋಪಿ ಪರ ವಕೀಲರು ಕೇಳಿದರು.

"ಇಲ್ರಿ."

"ಮತ್ತ ಇದು ಅದ ಮಣ್ಣು ಅಂತ ಹೆಂಗ ಹೇಳ್ತೀರಿ?"

ಇನ್‌ಸ್ಪೆಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. ಪಾಪ, ತನಿಖೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದ ಮನುಷ್ಯ. "ಹೇಳಾಕ ಬರಂಗಿಲ್ರಿ" ಎಂದೆ. ಬೇರೇನು ಹೇಳಲಿ?

ಕೇಸು ಅಲ್ಲಿಗೆ ಬಿದ್ದುಹೋಯಿತು. ತೀರ್ಪಿನ ದಿನ ಆರೋಪಿ ಬಿಡುಗಡೆಯಾಗಿ ನಮ್ಮೆದುರೇ ನಡೆದು ಹೋದ. ಈರಪ್ಪನ ಅಕ್ಕ ನಾಗವ್ವ ಕೋರ್ಟಿನ ಹೊರಗೆ ಕೂತಿದ್ದಳು. ತಲೆ ತಗ್ಗಿಸಿ ಹೋಗುತ್ತಿದ್ದ ನನ್ನನ್ನು ಅವಳೇ ಕರೆದಳು.

"ನೀವು ಖರೇನ ಹೇಳೀರಿ ಸಾಹೇಬ್ರ, ನಿಮ್ಮ ತಪ್ಪಿಲ್ಲ. ನನ್ನ ತಮ್ಮ ಜೀವ ಹೋಗೂಮುಂದ ನೀರು, ನೀರು ಅಂದಿದ್ನಂತ. ನೋಡಿದವರು ನನ್ನ ಮುಂದ ಹೇಳ್ಯಾರ, ಕೋರ್ಟಿನ್ಯಾಗ ಹೇಳಲಿಲ್ಲ. ಯಾರೂ ಒಂದು ಹನಿ ಕೊಡಲಿಲ್ಲಂತ."

ಸೀಲು ಒಡೆಯದ ಡಬ್ಬಿಯೊಳಗೆ ಆ ನೀರು ಎಲ್ಲಿಂದ ಬಂತೋ, ಮಣ್ಣಿನವನಾದ ನನಗೆ ಇವತ್ತಿಗೂ ತಿಳಿದಿಲ್ಲ. ಬಂದದ್ದಾದರೂ ಯಾಕೆ, ಕೊಂದವನನ್ನೇ ಉಳಿಸುವ ಹಾಗೆ?